ಕಾಲೇಜಿನಾಗ ಖಗೋಳ ವರ್ಕ್‌ಶಾಪ್ ಹಾಕೋದು ಹೆಂಗ? ಪ್ರಪೋಸಲ್ ವಾಪಸ್ ಬರದಂಗ, ಹುಡುಗ್ರು ಅರ್ಧಕ್ಕ ಎದ್ದು ಹೋಗದಂಗ ಪೂರ್ತಿ ಪ್ಲಾನ್

ಪುಣೆ ಇಲ್ಲಾ ಬೆಂಗಳೂರಿನ ಸಂಶೋಧನಾ ಸಂಸ್ಥೆಗೆ ರೊಕ್ಕ, ಮಂದಿ ಕೇಳಿ ಖಗೋಳ ವರ್ಕ್‌ಶಾಪ್ ಪ್ರಪೋಸಲ್ ಕಳಿಸಿ ವಾಪಸ್ ಇಸ್ಕೊಂಡ ಫಿಸಿಕ್ಸ್ ಡಿಪಾರ್ಟ್‌ಮೆಂಟ್‌ಗಳು ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಬಾಳ ಅದಾವ. ಇನ್ನ ಕೆಲವು ಕಡೆ ಪ್ರಪೋಸಲ್ ಪಾಸ್ ಆಗ್ತೈತಿ, ಆದ್ರ ಎರಡನೇ ದಿನ ಊಟ ಆದ ಮ್ಯಾಲೆ ಹಾಲ್ ಅರ್ಧ ಖಾಲಿ. ಎರಡಕ್ಕೂ ಬೇರು ಒಂದ ಕಡೆ ಐತಿ, ಕೆಲಸದ ಕ್ರಮ ತಪ್ಪಿರ್ತೈತಿ. ಮೊದ್ಲ ತಾರೀಖ ಹಿಡೀತಾರ, ಆಮ್ಯಾಲೆ ಉದ್ಘಾಟನೆಗೆ ಯಾರ್ನ ಕರೀಬೇಕು ಅಂತ ಮೀಟಿಂಗ್, ಆಮ್ಯಾಲೆ ಬ್ರೋಷರ್, ಕಡೀಕ ಹುಡುಗ್ರಿಗೆ ಏನ್ ಕಲಸೋದು ಅನ್ನೋ ವಿಚಾರ. ಕೆಳಗಿನ ಹಂತಗೋಳನ್ನ ಇದ್ದ ಕ್ರಮದಾಗ ಮಾಡ್ರಿ, ಒಂದನ್ನ ಮುಗಿಸದ ಮುಂದಿಂದಕ್ಕ ಹೋಗಬ್ಯಾಡ್ರಿ.

ಕೈಯ್ಯಾಗ ಇರಬೇಕಾದ್ದು

ಕಾಲೇಜಿನ ಪರೀಕ್ಷಾ ವೇಳಾಪಟ್ಟಿ, ಪಂಚಾಂಗ, ಕಂಪ್ಯೂಟರ್ ಲ್ಯಾಬಿನಾಗ ಖರೇನ ನಡೆಯೋ ಮಷಿನ್ ಎಷ್ಟು ಅನ್ನೋ ಲೆಕ್ಕ (ಸ್ಟಾಕ್ ರಿಜಿಸ್ಟರಿನ ಲೆಕ್ಕ ಅಲ್ಲ, ನೀವ ಹೋಗಿ ಚಾಲೂ ಮಾಡಿ ನೋಡಿದ ಲೆಕ್ಕ), ಹಾಸ್ಟೆಲ್ ಖಾಲಿ ರೂಮಿನ ಲೆಕ್ಕ, ಮತ್ತ ಪೈಥಾನ್ ಸ್ವಲ್ಪರ ಬರೋ ಇಬ್ಬರು ಎಂಎಸ್ಸಿ ಹುಡುಗ್ರು. ಟೆಲಿಸ್ಕೋಪ್ ಇದ್ರ ಚಲೋ, ಇಲ್ಲಾಂದ್ರೂ ನಡೀತೈತಿ.

ಹಂತ 1: ಕಡೇ ದಿನದ ಮಧ್ಯಾಹ್ನ ಏನ್ ಆಗಬೇಕು ಅನ್ನೋದನ್ನ ಮೊದ್ಲ ಬರೀರಿ

ಒಂದು ಹಾಳಿ ತಗೊಂಡು ಇಷ್ಟ ಬರೀರಿ: "ಕಡೇ ದಿನ ಮೂರು ಗಂಟೆಗೆ ಬಂದೋರೆಲ್ಲಾರೂ ತಮ್ಮ ಕೈಲೆ ಇಂಥಾದ್ದು ಮಾಡಿ ತೋರಸ್ತಾರ." ಆ "ಇಂಥಾದ್ದು" ಏನು ಅಂತ ಗೊತ್ತಾಗೋ ತನಕ ಮುಂದಿನ ಕೆಲಸ ಮುಟ್ಟಬ್ಯಾಡ್ರಿ. "ಖಗೋಳಶಾಸ್ತ್ರದ ಪರಿಚಯ ಆಗ್ತೈತಿ", "ಆಸಕ್ತಿ ಬೆಳೀತೈತಿ" ಅಂತ ಬರದ್ರ ಅದು ಉತ್ತರ ಅಲ್ಲ, ಪ್ರಪೋಸಲ್ ಓದೋರು ಮೊದ್ಲ ಹಿಡಿಯೋದ ಅದನ್ನ.

ನಾನು ಮೊದಲ ಸಲ ಮಾಡೋರಿಗೆ ಯಾವಾಗ್ಲೂ ಹೇಳೋದು ಕೃತ್ತಿಕೆ ನಕ್ಷತ್ರಗುಚ್ಛದ ಕೆಲಸ. ನಕ್ಷತ್ರದ ಜಾಗ, ದೂರ ಅಳದ ಯುರೋಪಿನ ಗಾಯಾ ಉಪಗ್ರಹದ ಮೂರನೇ ಡೇಟಾ ರಿಲೀಸ್ 2022ರ ಜೂನ್‌ನಾಗ ಬಂತು, ಯಾರ ಬೇಕಾದ್ರೂ ಪುಕ್ಕಟೆ ತಗೋಬಹುದು. ಆಕಾಶದ ರೇಖಾಂಶ-ಅಕ್ಷಾಂಶ ಇದ್ದಂಗ ಇರೋ ರೈಟ್ ಅಸೆನ್ಶನ್ 56.75 ಡಿಗ್ರಿ, ಡೆಕ್ಲಿನೇಶನ್ +24.12 ಡಿಗ್ರಿ ನಡುವ ಇಟ್ಕೊಂಡು ಸುತ್ತ 2 ಡಿಗ್ರಿ ಒಳಗಿನ ನಕ್ಷತ್ರ ಎಲ್ಲಾ ಇಳಿಸ್ಕೋರಿ, ಪ್ಯಾರಲಾಕ್ಸ್ (ಭೂಮಿ ಸೂರ್ಯನ ಸುತ್ತೋದ್ರಿಂದ ನಕ್ಷತ್ರ ಸರದಂಗ ಕಾಣೋ ಕೋನ, ದೂರ ಇದರಿಂದ ಸಿಗ್ತೈತಿ), ಪ್ರಾಪರ್ ಮೋಶನ್ (ನಕ್ಷತ್ರ ಆಕಾಶದಾಗ ವರ್ಷಕ್ಕ ಸರಿಯೋ ಕೋನ), ಜಿ ಮ್ಯಾಗ್ನಿಟ್ಯೂಡ್ (ಹೊಳಪು) ಮತ್ತ ಬಿಪಿ-ಆರ್‌ಪಿ ಬಣ್ಣ ಇಷ್ಟು ಕಾಲಂ ಸಾಕು. ಮೊದ್ಲ ಹಂಗ ಬಣ್ಣ ಅಡ್ಡಕ್ಕ, ಜಿ ಮ್ಯಾಗ್ನಿಟ್ಯೂಡ್ ಉದ್ದಕ್ಕ ಇಟ್ಟು ಪ್ಲಾಟ್ ಮಾಡಿಸ್ರಿ, ಬರೇ ಕಲಸುಮೇಲೋಗರ ಕಾಣಸ್ತೈತಿ, ಯಾಕಂದ್ರ ಗುಚ್ಛದ ಮುಂದಿನ್ವು, ಹಿಂದಿನ್ವು ಎಲ್ಲಾ ನಕ್ಷತ್ರ ಕೂಡಿ ಬಂದಿರ್ತಾವ. ಆಮ್ಯಾಲೆ ಪ್ರಾಪರ್ ಮೋಶನ್ ವರ್ಷಕ್ಕ ರೈಟ್ ಅಸೆನ್ಶನ್ ದಿಕ್ಕಿಗೆ ಸುಮಾರು +20 ಮತ್ತ ಡೆಕ್ಲಿನೇಶನ್ ದಿಕ್ಕಿಗೆ −45 ಮಿಲಿ ಆರ್ಕ್‌ಸೆಕೆಂಡ್ ಹತ್ರ ಇರೋವನ್ನ ಅಷ್ಟ ಇಟ್ಕೊಂಡು, ಪ್ಯಾರಲಾಕ್ಸ್ 7.4 ಮಿಲಿ ಆರ್ಕ್‌ಸೆಕೆಂಡ್ ಆಜುಬಾಜು ಇರೋವನ್ನ ಆರಿಸಿ ಮತ್ತ ಪ್ಲಾಟ್ ಮಾಡಿಸ್ರಿ. ಪುಸ್ತಕದಾಗ ನೋಡಿದ್ದ ಮೇನ್ ಸೀಕ್ವೆನ್ಸ್ ಗೆರಿ (ನಕ್ಷತ್ರದ ಬಣ್ಣ-ಹೊಳಪಿನ ಸಂಬಂಧ ತೋರಿಸೋ ಗೆರಿ) ಸ್ಕ್ರೀನಿನ ಮ್ಯಾಲೆ ತಾನ ಎದ್ದು ಬರ್ತೈತಿ. 1000 ಭಾಗಿಸಿ 7.4 ಮಾಡಿದ್ರ ಸುಮಾರು 135 ಪಾರ್ಸೆಕ್, ಅಂದ್ರ 440 ಜ್ಯೋತಿರ್ವರ್ಷ. ಹುಡುಗ್ರು ಕೃತ್ತಿಕೆಯ ದೂರ ತಾವ ಕಂಡುಹಿಡಿದಂಗ ಆತು, ಮತ್ತ ಅದ ದಿನ ರಾತ್ರಿ ಹೊರಗ ಬಂದು ಕತ್ತ ಎತ್ತಿದ್ರ ಅದ ಗುಚ್ಛ ಬರೇ ಕಣ್ಣಿಗೆ ಕಾಣಸ್ತೈತಿ. ಈ ಜೋಡಣಿ ಬೇರೆ ಯಾವ ಲೆಕ್ಚರಿನಾಗೂ ಸಿಗಂಗಿಲ್ಲ.

ಹೈಸ್ಕೂಲ್ ಮಾಸ್ತರಿಗೆ ಅಂತ ಮಾಡ್ತಿದ್ರ ಶೂನ್ಯ ನೆರಳಿನ ದಿನ ಹಿಡೀರಿ. ಧಾರವಾಡ 15.4 ಡಿಗ್ರಿ ಉತ್ತರ ಅಕ್ಷಾಂಶದ ಹತ್ರ ಐತಿ, ಹಂಗಾಗಿ ಸೂರ್ಯ ಮೇ ಮೊದಲ ವಾರದಾಗ ಒಮ್ಮೆ, ಆಗಸ್ಟ್ 10ರ ಹತ್ರ ಇನ್ನೊಮ್ಮೆ ನೆತ್ತಿ ಮ್ಯಾಲೆ ಬರ್ತಾನ. ಹಾವೇರಿ ಇನ್ನಷ್ಟು ದಕ್ಷಿಣಕ್ಕ ಇರೋದ್ರಿಂದ ಮೇ ಸರ್ತಿ ಅಲ್ಲಿ ಒಂದೆರಡು ದಿನ ಮೊದ್ಲ. ದೂರದ ಊರಿನ ಶಾಲೆ ಜೋಡಿ ಸೇರಿ ಒಂದ ದಿನ ಮಧ್ಯಾಹ್ನ ಕೋಲಿನ ನೆರಳು ಅಳದ್ರ ಭೂಮಿ ಸುತ್ತಳತೆ ಬರ್ತೈತಿ. ಆಗಸ್ಟ್ ನಂಬಬ್ಯಾಡ್ರಿ, ಮೋಡ. ಇನ್ನ ಎಲೆಕ್ಟ್ರಾನಿಕ್ಸ್ ಹುಡುಗ್ರು ಇದ್ರ ಹಾರ್ನ್ ಆಂಟೆನಾ ಕಟ್ಟಿ 1420 ಮೆಗಾಹರ್ಟ್ಜ್‌ನಾಗ ಹೈಡ್ರೋಜನ್ ಸಿಗ್ನಲ್ ಹಿಡಿಯೋದು ಚಲೋ ಕೆಲಸ, ಆದ್ರ ಅದನ್ನ ನೀವು ಮೊದ್ಲ ಒಮ್ಮೆ ಕಟ್ಟಿ ಸಿಗ್ನಲ್ ನೋಡಿದ ಮ್ಯಾಲೆನ ಪ್ರಪೋಸಲ್‌ನಾಗ ಬರೀರಿ.

ಎಚ್ಚರಿಕೆ ಗುರುತು: ಮೂರು ದಿನದ ಪಟ್ಟಿಯೊಳಗ ಬಿಗ್ ಬ್ಯಾಂಗ್, ಬ್ಲ್ಯಾಕ್ ಹೋಲ್, ಡಾರ್ಕ್ ಮ್ಯಾಟರ್, ಗುರುತ್ವ ಅಲೆ, ಆದಿತ್ಯ-ಎಲ್1 ಎಲ್ಲಾನೂ ಬಂದಿದ್ರ ನಿಮಗ ಇನ್ನ ವಿಷಯ ಸಿಕ್ಕಿಲ್ಲ ಅಂತ ತಿಳ್ಕೋರಿ.

ಹಂತ 2: ಯಾರಿಗೆ ಅಂತ ಒಂದ ಮಟ್ಟ ಹಿಡೀರಿ

ಬಿಎಸ್ಸಿ ಎರಡನೇ ವರ್ಷದೋರು, ಎಂಎಸ್ಸಿಯೋರು, ಲೆಕ್ಚರರ್‌ಗಳು, ಪಿಯು ಹುಡುಗ್ರು ಎಲ್ಲಾರ್ನೂ ಒಂದ ಹಾಲ್‌ನಾಗ ಕೂಡ್ಸಿದ್ರ ಸ್ಪೀಕರ್ ಯಾರಿಗೆ ಮಾತಾಡಬೇಕು? ಮಂದಿ ಕೂಡ್ಸೋಕ ಹಿಂಗ ಮಾಡ್ತಾರ, ತಿಳೀತೈತಿ, ಆದ್ರ ಕಲಿಕಿ ಸತ್ತು ಹೋಗ್ತೈತಿ. ಒಂದ ಮಟ್ಟ, 30ರಿಂದ 40 ಮಂದಿ. ಕೈಲೆ ಮಾಡೋ ಕೆಲಸಕ್ಕ ಒಂದ ಕಂಪ್ಯೂಟರ್ ಮುಂದ ಇಬ್ಬರ ಮ್ಯಾಲೆ ಕೂಡಬಾರ್ದು, ಮೂರನೇಯಾತ ಬರೇ ನೋಡ್ತಾನ. ಲ್ಯಾಬಿನಾಗ 18 ಮಷಿನ್ ನಡೀತಾವ ಅಂದ್ರ ನಿಮ್ಮ ಲೆಕ್ಕ 36, ಅಷ್ಟ.

ಹಂತ 3: ಕೆಲಸಕ್ಕ ತಕ್ಕ ಸಂಸ್ಥೆ ಆರಿಸ್ರಿ

ಹೆಸರು ದೊಡ್ಡದು ಅಂತ ಎಲ್ಲಾ ಕಡೆ ಒಂದ ಪ್ರಪೋಸಲ್ ಕಳಿಸೋದು ಬಾಳ ಸಾಮಾನ್ಯ ತಪ್ಪು. ಒಂದೊಂದು ಸಂಸ್ಥೆಯ ಕೆಲಸ ಒಂದೊಂದು ಥರ.

ಪುಣೆಯ ಐಯುಕಾ ವಿಶ್ವವಿದ್ಯಾಲಯ ಮತ್ತ ಕಾಲೇಜಿನೋರ ಸಲುವಾಗಿನ ಇರೋ ಕೇಂದ್ರ, ನಮ್ಮಂಥ ಊರಿನ ಕಾಲೇಜಿಗೆ ಮೊದ್ಲ ಬಾಗಿಲು ಅದ. ಅಲ್ಲಿ ವಿಸಿಟಿಂಗ್ ಅಸೋಸಿಯೇಟ್ ಅಂತ ಬೇರೆ ಬೇರೆ ವಿಶ್ವವಿದ್ಯಾಲಯ, ಕಾಲೇಜಿನ ಅಧ್ಯಾಪಕರು ಇರ್ತಾರ, ಅವರ ಪಟ್ಟಿ ಸಂಸ್ಥೆಯ ವೆಬ್‌ಸೈಟಿನಾಗ ಸಿಗ್ತೈತಿ. ನಿಮ್ಮ ಊರಿಗೆ ಹತ್ರದೋರು ಯಾರು ಅದಾರ ನೋಡಿ ಅವರ ಜೋಡಿ ಸೇರಿ ಬರದ್ರ ಅರ್ಧ ದಾರಿ ಸವದಂಗ. ಅದ ಪುಣೆಯ ಎನ್‌ಸಿಆರ್‌ಎ ರೇಡಿಯೊ ಖಗೋಳದ್ದು, ನಾರಾಯಣಗಾಂವ್ ಹತ್ರ ಖೋಡದ್‌ನಾಗ 45 ಮೀಟರಿನ 30 ಡಿಶ್ ಇರೋ ರೇಡಿಯೊ ಟೆಲಿಸ್ಕೋಪ್ ಜಿಎಂಆರ್‌ಟಿ ನಡಸೋರು ಅವರ. ಬೆಂಗಳೂರು ಕೋರಮಂಗಲದ ಭಾರತೀಯ ಖಗೋಳ ಭೌತಶಾಸ್ತ್ರ ಸಂಸ್ಥೆ ಅಂದ್ರ ಆಪ್ಟಿಕಲ್ ಮತ್ತ ಸೂರ್ಯ, ಕವಲೂರು, ಹಾನ್ಲೆ ವೀಕ್ಷಣಾಲಯ ಅವರದ್ದು, ಆದಿತ್ಯ-ಎಲ್1ರ ಕರೋನಾಗ್ರಾಫ್ (ಸೂರ್ಯನ ಹೊರಗಿನ ಪ್ರಭಾವಲಯ ನೋಡೋ ಉಪಕರಣ) ಕಟ್ಟಿದೋರೂ ಅವರ. ಹೆಸರಘಟ್ಟ ಕಡೆ ಇರೋ ಸೈದ್ಧಾಂತಿಕ ವಿಜ್ಞಾನ ಕೇಂದ್ರ ಐಸಿಟಿಎಸ್‌ಗೆ ಬಿಎಸ್ಸಿ ಪರಿಚಯದ ವರ್ಕ್‌ಶಾಪ್ ಕಳಿಸಬ್ಯಾಡ್ರಿ, ಅಲ್ಲಿ ನಡೆಯೋವು ಸಂಶೋಧಕರ ಪ್ರೋಗ್ರಾಂ, ವಾರಗಟ್ಟಲೆ ಅಲ್ಲೇ ಇರಬೇಕಾದಂಥಾವು. ನಿಮ್ಮ ಪಿಎಚ್‌ಡಿ ಹುಡುಗ್ರನ್ನ ಅಲ್ಲಿಗೆ ಅಪ್ಲೈ ಮಾಡಸ್ರಿ.

ಎಕ್ಸ್-ರೇ ಡೇಟಾ ಬಗ್ಗೆ ಒಂದ ಮಾತು. ಇಸ್ರೋದ ಖಗೋಳ ಉಪಗ್ರಹ ಆಸ್ಟ್ರೋಸ್ಯಾಟ್ 2015ರ ಸೆಪ್ಟೆಂಬರ್ 28ಕ್ಕ ಹಾರಿದ್ದು, ಅದರ ಡೇಟಾ ಬೆಂಗಳೂರು ಹತ್ರದ ಇಸ್ರೋ ಬ್ಯಾಲಾಳು ಕೇಂದ್ರದ ಆರ್ಕೈವ್‌ನಾಗ ಸಿಗ್ತೈತಿ, ನಮ್ಮ ದೇಶದ್ದು ಅಂತ ಎಲ್ಲಾರಿಗೂ ಅದನ್ನ ಮುಟ್ಟೋ ಆಸೆ, ನನಗೂ ಐತಿ. ಆದ್ರ ಅದಕ್ಕ ಬೇಕಾದ ಹೀಸಾಫ್ಟ್ ಸಾಫ್ಟ್‌ವೇರ್ ವಿಂಡೋಸ್ ಮಷಿನಿನಾಗ ನೇರ ನಡೆಯಂಗಿಲ್ಲ, ಲಿನಕ್ಸ್ ಬೇಕು, ಇನ್‌ಸ್ಟಾಲ್ ಮಾಡೋದ ಒಂದ ದಿನ ತಿಂತೈತಿ. ಮೊದಲ ವರ್ಕ್‌ಶಾಪಿಗೆ ಬ್ಯಾಡ. ಎರಡನೇದ್ದಕ್ಕ ಇಟ್ಕೋರಿ.

ಹಂತ 4: ಪ್ರಪೋಸಲ್ ಬರೆಯೋ ಮೊದ್ಲ ಒಬ್ಬ ವಿಜ್ಞಾನಿ ಜೋಡಿ ಮಾತಾಡ್ರಿ

ಆ ಸಂಸ್ಥೆಯೊಳಗ ನಿಮ್ಮ ವಿಷಯದಾಗ ಕೆಲಸ ಮಾಡೋ ಒಬ್ಬರಿಗೆ ಆರು ಸಾಲಿನ ಮೇಲ್ ಹಾಕ್ರಿ: ನಾವು ಯಾರು, ಯಾವ ಮಟ್ಟದ ಎಷ್ಟು ಹುಡುಗ್ರು, ಕಡೇ ದಿನ ಅವರು ಏನ್ ಮಾಡಿ ತೋರಸ್ತಾರ, ನಮ್ಮ ಲ್ಯಾಬಿನಾಗ ಏನೈತಿ, ನಿಮ್ಮಿಂದ ಏನ್ ಬೇಕು, ಯಾವ ತಿಂಗಳು. "ಗೌರವಾನ್ವಿತ ಮಹೋದಯರೆ" ಅಂತ ಎರಡು ಪುಟ ಸಂಸ್ಥೆಯ ಇತಿಹಾಸ ಬರದ್ರ ಯಾರೂ ಪೂರ್ತಿ ಓದಂಗಿಲ್ಲ. ಹತ್ತು ದಿನ ಉತ್ತರ ಬರ್ಲಿಲ್ಲಂದ್ರ ಒಮ್ಮೆ ನೆನಪು ಮಾಡ್ರಿ, ಆಗ್ಲೂ ಇಲ್ಲಂದ್ರ ಇನ್ನೊಬ್ಬರಿಗೆ.

ಒಪ್ಪಿದೋರಿಗೆ ಕೇಳಬೇಕಾದ ಮುಖ್ಯ ಪ್ರಶ್ನೆ ಇದು: "ನೀವು ಬರೇ ಲೆಕ್ಚರ್ ಕೊಡ್ತೀರೋ, ಲ್ಯಾಬಿನಾಗೂ ಜೋಡಿ ಇರ್ತೀರೋ?" ಒಂದ ತಾಸು ಮಾತಾಡಿ ಮುಂದಿನ ರೈಲು ಹಿಡಿಯೋ ಆರು ಮಂದಿಗಿಂತ ಮೂರು ದಿನ ಹುಡುಗ್ರ ಬಾಜೂಕ ಕೂಡೋ ಇಬ್ಬರು ಪಿಎಚ್‌ಡಿ ವಿದ್ಯಾರ್ಥಿಗಳು ಎಷ್ಟೋ ಮೇಲು. ಅವರನ್ನ ಕಳಿಸ್ರಿ ಅಂತ ಸಂಕೋಚ ಇಲ್ಲದ ಕೇಳ್ರಿ, ಖುಷಿಯಿಂದ ಬರ್ತಾರ.

ಹಂತ 5: ಈಗ ತಾರೀಖ

ಮೂರು ಕ್ಯಾಲೆಂಡರ್ ಒಂದರ ಮ್ಯಾಲೆ ಒಂದು ಇಟ್ಟು ನೋಡಬೇಕು. ಒಂದನೇದ್ದು ಮಳಿ, ಜೂನ್‌ದಿಂದ ಸೆಪ್ಟೆಂಬರ್ ತನಕ ರಾತ್ರಿ ಆಕಾಶದ ಪ್ಲಾನ್ ಬ್ಯಾಡ್ರಿ, ಧಾರವಾಡದ ಮಳಿ ಗೊತ್ತಲ್ಲ. ಅಕ್ಟೋಬರ್ ಸೈತ ಮಳಿ ಬರೋದುಂಟು. ನವೆಂಬರ್ ಕಡೀಂದ ಫೆಬ್ರುವರಿ ತನಕ ಚಲೋ. ಎರಡನೇದ್ದು ಚಂದ್ರ. ನಕ್ಷತ್ರಗುಚ್ಛ, ನೆಬ್ಯುಲಾ ತೋರಸೋದಿದ್ರ ಅಮಾವಾಸ್ಯೆ ಆಜುಬಾಜು, ಚಂದ್ರನ ಕುಳಿ ತೋರಸೋದಿದ್ರ ಶುಕ್ಲಪಕ್ಷದ ಅಷ್ಟಮಿ ಹತ್ರ, ಯಾಕಂದ್ರ ಆಗ ನೆರಳು ಉದ್ದ ಬಿದ್ದು ಕುಳಿ ಎದ್ದು ಕಾಣಸ್ತಾವ. ಹುಣ್ಣಿವಿ ದಿನ ವೀಕ್ಷಣೆ ಇಟ್ಟಿದ್ದು ಕಂಡ್ರ ಸಮಿತಿಯೋರಿಗೆ ನಿಮಗ ಆಕಾಶ ನೋಡೋ ರೂಢಿ ಇಲ್ಲ ಅಂತ ಅಲ್ಲೇ ಗೊತ್ತಾಗ್ತೈತಿ. ಮೂರನೇದ್ದು ಸೆಮಿಸ್ಟರ್ ಪರೀಕ್ಷೆ ಮತ್ತ ಪ್ರಾಕ್ಟಿಕಲ್, ನಿಮ್ಮ ಕಾಲೇಜಿಂದು ಅಷ್ಟ ಅಲ್ಲ, ಹುಡುಗ್ರು ಬರೋ ಎಲ್ಲಾ ಕಾಲೇಜಿಂದೂ. ಗದಗ, ಹಾವೇರಿ ಕಾಲೇಜಿನ ಎಚ್‌ಓಡಿಗೆ ಒಂದೊಂದು ಫೋನ್ ಮಾಡಿ ಕೇಳ್ರಿ.

ಕೃತ್ತಿಕೆ ಕೆಲಸಕ್ಕ ಜನವರಿ ಹೇಳಿ ಮಾಡಿಸಿದ ತಿಂಗಳು. ಸಂಜಿ ಎಂಟು-ಒಂಬತ್ತರ ಹೊತ್ತಿಗೆ ಗುಚ್ಛ ನಮ್ಮ ನೆತ್ತಿ ಹತ್ರ ಇರ್ತೈತಿ, ಬೀದಿ ದೀಪದ ತ್ರಾಸು ಅಲ್ಲಿ ಕಡಿಮಿ.

ಹಂತ 6: ಪ್ರಪೋಸಲ್, ಓದೋರ ಕಣ್ಣಿಂದ

ಸಂಸ್ಥೆಯೊಳಗ ಪ್ರಪೋಸಲ್ ಆರಿಸೋರ ಮುಂದ ಒಂದ ಗಂಟು ಬಂದು ಬಿದ್ದಿರ್ತೈತಿ, ರೊಕ್ಕ ಮತ್ತ ಮಂದಿ ಎರಡೂ ಕಡಿಮಿ. ಅವರ ತಲಿಯಾಗ ಇರೋ ಪ್ರಶ್ನೆ ಸರಳ: ಈ ಹುಡುಗ್ರು ಕಲೀತಾರೇನು, ಈ ಮಂದಿ ನಡಸಬಲ್ಲರೇನು, ಇದರಿಂದ ಮುಂದ ಏನರ ಹುಟ್ಟತೈತೇನು? ಕಟ್ಟಡದ ಫೋಟೋ, ಕಾಲೇಜಿನ ಗ್ರೇಡ್, ಆಡಳಿತ ಮಂಡಳಿ ಹೆಸರು ಇದಕ್ಕ ಉತ್ತರ ಕೊಡಂಗಿಲ್ಲ.

ಹಂಗಾಗಿ ಮೊದಲ ಪುಟದಾಗ ಹಂತ 1ರ ವಾಕ್ಯ ಹಂಗ ಹಾಕ್ರಿ. ಎರಡನೇ ಪುಟ ಪೂರ್ತಿ ಟೈಂಟೇಬಲ್. ಅರ್ಧಕ್ಕಿಂತ ಹೆಚ್ಚು ಹೊತ್ತು ಕೈಲೆ ಮಾಡೋ ಕೆಲಸ ಇರಬೇಕು, ಊಟ ಆದ ಕೂಡ್ಲೆ ಲೆಕ್ಚರ್ ಇಡಬ್ಯಾಡ್ರಿ, ಆ ಹೊತ್ತು ಲ್ಯಾಬಿಗೆ ಕೊಡ್ರಿ. ಉದ್ಘಾಟನೆಗೆ ಅರ್ಧ ತಾಸು, ಅದೂ ಮೊದಲ ಲೆಕ್ಚರ್ ಕೊಡೋರ ಕೈಲೆನ ಮಾಡ್ಸಿ ಮುಗಿಸ್ರಿ. ಉದ್ಘಾಟನೆ 10ಕ್ಕ ಅಂತ ಬರದು ಸಾಹೇಬ್ರು 11:30ಕ್ಕ ಬಂದು ಮಧ್ಯಾಹ್ನದ ತನಕ ಭಾಷಣ ನಡದ್ರ ಮೊದಲ ದಿನದ ಲ್ಯಾಬ್ ಹೋತು, ಅದು ಹೋದ್ರ ಮುಂದಿನ ಎರಡು ದಿನಕ್ಕೂ ಬುನಾದಿ ಇರಂಗಿಲ್ಲ.

ಬಜೆಟ್‌ನಾಗ ಪ್ರಯಾಣ, ವಸತಿ, ಊಟ, ಪ್ರಿಂಟ್, ಪೆನ್‌ಡ್ರೈವ್, ಜನರೇಟರ್ ಡೀಸೆಲ್ ಇಷ್ಟು ಬಿಡಿಬಿಡಿ ತೋರಸ್ರಿ, ಒಂದೊಂದಕ್ಕೂ ಎಷ್ಟು ಮಂದಿ, ಎಷ್ಟು ದಿನ, ದರ ಎಷ್ಟು ಅಂತ. "ಇತರೆ ವೆಚ್ಚ" ಅಂತ ದೊಡ್ಡ ಮೊತ್ತ ಹಾಕಿದ್ರ ಅನುಮಾನ ಬರ್ತೈತಿ. ಶಾಲು, ಹಾರ, ಮೆಮೆಂಟೊ ಹಾಕಬ್ಯಾಡ್ರಿ, ಕಾಲೇಜು ಬೇಕಾದ್ರ ತನ್ನ ರೊಕ್ಕದಾಗ ಮಾಡ್ಲಿ. ಊಟ ಇಲ್ಲಾ ವಸತಿ ಖರ್ಚು ಕಾಲೇಜು ಹೊರತೈತಿ ಅಂತ ಪ್ರಿನ್ಸಿಪಾಲರ ಸಹಿ ಇರೋ ಪತ್ರ ಜೋಡಿಸಿದ್ರ ಬಾಳ ತೂಕ ಬರ್ತೈತಿ.

ಕಡೀಕ "ಮುಂದೇನು" ಅಂತ ಒಂದ ಪ್ಯಾರಾ. ಯಾವ ಮೂರ್ನಾಲ್ಕು ಹುಡುಗ್ರು ಇದ ಡೇಟಾ ಮ್ಯಾಲೆ ಪ್ರಾಜೆಕ್ಟ್ ಮಾಡ್ತಾರ, ಯಾರು ಗೈಡ್ ಮಾಡ್ತಾರ, ಅಷ್ಟ. ಇದು ಇಲ್ಲದ ಬಂದ ಪ್ರಪೋಸಲ್ ಎಷ್ಟೋ.

ವಾಪಸ್ ಬಂದ್ರ ಟೀಕೆ ಓದಿ ಅದಕ್ಕ ಒಂದೊಂದಾಗಿ ಉತ್ತರ ಬರದು ಮತ್ತ ಕಳಿಸ್ರಿ. ತಾರೀಖ ಅಷ್ಟ ಬದಲಿ ಮಾಡಿ ಕಳಿಸಿದ್ರ ಮತ್ತ ಅದ ಉತ್ತರ ಬರ್ತೈತಿ.

ಹಂತ 7: ಹುಡುಗ್ರ ಆಯ್ಕೆ

"ಮೊದಲು ಬಂದವರಿಗೆ ಆದ್ಯತೆ" ಅಂತ ಹಾಕಬ್ಯಾಡ್ರಿ. ಹಂಗ ಮಾಡಿದ್ರ ನಿಮ್ಮ ಕಾಲೇಜಿನ ಹುಡುಗ್ರ ವಾಟ್ಸಾಪ್ ಗ್ರೂಪಿನಾಗ ಮೊದಲ ತಾಸಿನಾಗ ಎಲ್ಲಾ ಸೀಟ್ ತುಂಬ್ತಾವ, ನರಗುಂದದ ಹುಡುಗಿಗೆ ಸುದ್ದಿ ಮುಟ್ಟೋದ್ರಾಗ ಫಾರಂ ಬಂದ್.

ಹತ್ತು ದಿನ ಫಾರಂ ತೆಗದಿಡ್ರಿ, ಮೂರು ಪ್ರಶ್ನೆ ಸಾಕು: ಯಾವ ವರ್ಷ, ಪೈಥಾನ್ ಇಲ್ಲಾ ಎಕ್ಸೆಲ್ ಎಷ್ಟು ಬರ್ತೈತಿ, ಈ ವರ್ಕ್‌ಶಾಪ್ ಆದ ಮ್ಯಾಲೆ ಏನ್ ಮಾಡಬೇಕಂತೀರಿ. ಉತ್ತರ ಕನ್ನಡದಾಗ ಬರದ್ರೂ ನಡೀತೈತಿ ಅಂತ ಫಾರಂ ಮ್ಯಾಲೆನ ಬರೀರಿ, ಯಾಕಂದ್ರ ಕನ್ನಡ ಮಾಧ್ಯಮದಿಂದ ಬಂದ ಶಾಣ್ಯಾ ಹುಡುಗ್ರು ಇಂಗ್ಲಿಷ್ ಫಾರಂ ನೋಡಿ ಹಿಂದ ಸರೀತಾರ. ಮಾರ್ಕ್ಸ್ ಮ್ಯಾಲೆ ಆರಿಸೋದಕ್ಕಿಂತ ಮೂರನೇ ಪ್ರಶ್ನೆಯ ಉತ್ತರದ ಮ್ಯಾಲೆ ಆರಿಸೋದು ಸರಿ ಅಂತ ನನ್ನ ಅಭಿಪ್ರಾಯ. ಸ್ವಂತ ಕಾಲೇಜಿಗೆ ಅರ್ಧದ ಮ್ಯಾಲೆ ಸೀಟ್ ಬ್ಯಾಡ. ಆರಿಸಿದ ಮ್ಯಾಲೆ ಐದು ದಿನದಾಗ ಬರ್ತೀನಿ ಅಂತ ಖಾತ್ರಿ ತಗೋರಿ, ಇಲ್ಲಂದ್ರ ವೇಟಿಂಗ್ ಲಿಸ್ಟಿನೋರ್ನ ಕರೀರಿ.

ಸರ್ಟಿಫಿಕೇಟ್ ಕಡೇ ಪ್ಲಾಟ್ ಮಾಡಿ ತೋರಿಸಿದ ಮ್ಯಾಲೆನ ಅಂತ ಮೊದ್ಲ ಹೇಳಿಬಿಡ್ರಿ. ಬರೇ ಸರ್ಟಿಫಿಕೇಟಿಗೆ ಬರೋರು ತಾವ ಬಿಡ್ತಾರ.

ಹಂತ 8: ಲ್ಯಾಬ್ ತಯಾರಿ, ಒಂದ ವಾರ ಮೊದ್ಲ

ಪಾಸಾದ ವರ್ಕ್‌ಶಾಪ್ ಬೀಳೋದು ಇಲ್ಲೇ. 40 ಮಂದಿ ಒಂದ ವೈಫೈ ಮ್ಯಾಲೆ ಒಮ್ಮೆಲೆ ಗಾಯಾ ಆರ್ಕೈವ್ ತೆಗದ್ರ ನೆಟ್ ಮಲಗ್ತೈತಿ. ಅದಕ್ಕ ಡೇಟಾ ಫೈಲ್ ಮೊದ್ಲ ಇಳಿಸಿ ಸಿಎಸ್‌ವಿ ಮಾಡಿ ಪೆನ್‌ಡ್ರೈವಿನಾಗ ಹಾಕಿ ಎಲ್ಲಾ ಮಷಿನಿಗೂ ಕಾಪಿ ಮಾಡ್ರಿ, ಆರ್ಕೈವ್‌ನಿಂದ ಹೆಂಗ ಇಳಿಸೋದು ಅನ್ನೋದನ್ನ ಪ್ರೊಜೆಕ್ಟರ್ ಮ್ಯಾಲೆ ಒಬ್ಬರು ತೋರಿಸಿದ್ರ ಸಾಕು. ಗೂಗಲ್ ಕೊಲ್ಯಾಬ್ ಚಲೋ ಐತಿ, ಆದ್ರ ಅದೂ ನೆಟ್ ಕೇಳ್ತೈತಿ, ಹಂಗಾಗಿ ಪೈಥಾನ್, ಆಸ್ಟ್ರೊಪೈ (ಪೈಥಾನಿನ ಖಗೋಳ ಲೈಬ್ರರಿ), ಜುಪಿಟರ್ (ಕೋಡ್ ಬರದು ಅಲ್ಲೇ ನಡಸಿ ನೋಡೋ ಸಾಫ್ಟ್‌ವೇರ್) ಮಷಿನಿನಾಗನ ಇನ್‌ಸ್ಟಾಲ್ ಇರ್ಲಿ. ಟಾಪ್‌ಕ್ಯಾಟ್ ಸೈತ ಹಾಕ್ರಿ. ಕೋಡ್ ಬರೆಯೋಕ ಹೆದರೋ ಹುಡುಗ್ರು ಅದರಾಗ ಮೌಸ್ ಹಿಡಕೊಂಡ ನಕ್ಷತ್ರ ಆರಿಸಿ ಪ್ಲಾಟ್ ಮಾಡಬಹುದು.

ಆಮ್ಯಾಲೆ ಆ ಇಬ್ಬರು ಎಂಎಸ್ಸಿ ಹುಡುಗ್ರನ್ನ ಕೂಡ್ಸಿ ಪೂರ್ತಿ ಕೆಲಸ ಮೊದಲಿಂದ ಕಡೀತನಕ ಮಾಡಿಸ್ರಿ, ಗಡಿಯಾರ ಹಚ್ಚಿ. ಅವರಿಗೆ ಎರಡು ತಾಸು ಹಿಡದ್ರ ಹೊಸಬರಿಗೆ ನಾಲ್ಕರ ಹಿಡೀತೈತಿ. ಅವರು ಎಲ್ಲಿ ಸಿಕ್ಕಿಬಿದ್ರು ಅನ್ನೋದನ್ನ ಬರಕೊಂಡು ಅದನ್ನ ವರ್ಕ್‌ಶೀಟಿನಾಗ ಸೇರಿಸ್ರಿ. ವರ್ಕ್‌ಶೀಟ್ ಕನ್ನಡ-ಇಂಗ್ಲಿಷ್ ಎರಡೂ ಇರ್ಲಿ.

ಹೆಸ್ಕಾಂ ಕಚೇರಿಗೆ ಒಂದ ಅರ್ಜಿ ಕೊಟ್ಟು ಆ ದಿನ ಲೈನ್ ಕೆಲಸ ಐತೇನು ಕೇಳ್ಕೋರಿ. ಲ್ಯಾಬಿನ ಯುಪಿಎಸ್ ಎಷ್ಟು ನಿಮಿಷ ತಡೀತೈತಿ ಅಂತ ಮೇನ್ ಆಫ್ ಮಾಡಿ ನೋಡ್ರಿ.

ಹಂತ 9: ರಾತ್ರಿ ಆಕಾಶ ಮತ್ತ ಕಡೇ ಬಸ್ಸು

ಹುಬ್ಬಳ್ಳಿ ಹುಡುಗ್ರು ಹುಬ್ಬಳ್ಳಿ-ಧಾರವಾಡ ನಡುವ ಓಡೋ ಚಿಗರಿ ಬಸ್ ಹಿಡದು ಮನಿಗೆ ಹೋಗ್ತಾರ. ಗದಗ, ಹಾವೇರಿಯೋರು? ವೀಕ್ಷಣೆ ಏಳಕ್ಕ ಅಂತ ಇಟ್ಟು ವಸತಿ ಕೊಡ್ಲಿಲ್ಲಂದ್ರ ಐದೂವರಿಗೆ ಅವರು ಬ್ಯಾಗ್ ಹಿಡದು ಸ್ಟ್ಯಾಂಡಿಗೆ ನಡೀತಾರ, ಅದರಾಗೂ ಹುಡುಗ್ಯಾರು ಮೊದ್ಲ, ಮನಿಯಾಗ ಅವ್ವ-ಅಪ್ಪ ಕಾಯ್ತಿರ್ತಾರ. ಆಕಾಶ ನೋಡೋ ಭಾಗ್ಯ ಹತ್ರದ ಊರಿನೋರಿಗೆ ಅಷ್ಟ ಉಳೀತೈತಿ. ಇದು ನನಗ ಬಾಳ ತ್ರಾಸ ಕೊಡೋ ವಿಷಯ. ವಸತಿ ಇಲ್ಲದ ರಾತ್ರಿ ಕಾರ್ಯಕ್ರಮ ಇಡಬ್ಯಾಡ್ರಿ. ಹುಡುಗ್ಯಾರ ಹಾಸ್ಟೆಲ್‌ನಾಗ ರೂಮು, ವಾರ್ಡನ್ ಹೆಸರು, ಫೋನ್ ನಂಬರ್ ಎಲ್ಲಾ ಆಯ್ಕೆ ಪತ್ರದಾಗನ ಬರೀರಿ, ಮನಿಯೋರಿಗೆ ಅದನ್ನ ಓದಿ ಧೈರ್ಯ ಬರ್ತೈತಿ.

ಜಾಗಕ್ಕ ದೂರ ಹೋಗೋ ಜರೂರಿಲ್ಲ. ಕಾಲೇಜ್ ಮೈದಾನದ ದೀಪ ಆರಿಸಿಕೊಟ್ರ ಸಾಕು, ಅದಕ್ಕ ಮೊದ್ಲ ಲಿಖಿತ ಅನುಮತಿ ತಗೋರಿ, ಸ್ವಿಚ್ ಯಾರ ಹತ್ರ ಐತಿ ಅಂತ ಗೊತ್ತಿರ್ಲಿ. ಗದಗ ಕಡೆಯೋರು ಕಪ್ಪತಗುಡ್ಡ ಅಂತಾರ, ಅದು ವನ್ಯಜೀವಿಧಾಮ, ಅರಣ್ಯ ಇಲಾಖೆ ಒಪ್ಪಿಗೆ ಇಲ್ಲದ ರಾತ್ರಿ ಹುಡುಗ್ರನ್ನ ಕರಕೊಂಡು ಹೋಗೋ ಹಂಗಿಲ್ಲ. ಮೋಡ ಬಂದ್ರ ಏನ್ ಮಾಡೋದು ಅಂತ ಸ್ಟೆಲೇರಿಯಂ (ಕಂಪ್ಯೂಟರಿನಾಗ ಆಕಾಶ ತೋರಿಸೋ ಸಾಫ್ಟ್‌ವೇರ್) ತಯಾರಿ ಇಟ್ಕೋರಿ. ಹಗಲು ಟೆಲಿಸ್ಕೋಪ್ ಹೊರಗ ಇಟ್ಟಿದ್ರ ಸೋಲಾರ್ ಫಿಲ್ಟರ್ ಇಲ್ಲದ ಯಾರೂ ಸೂರ್ಯನ ಕಡೆ ತಿರುಗಿಸಬಾರ್ದು, ಒಂದ ಕ್ಷಣಕ್ಕ ಕಣ್ಣು ಹೋಗ್ತೈತಿ. ಟೆಲಿಸ್ಕೋಪ್ ಬಾಜೂಕ ಒಬ್ಬರು ಕಾಯಂ ನಿಂತಿರಬೇಕು.

ಹಂತ 10: ಮುಗಿದ ಮ್ಯಾಲಿನ ಹದಿನೈದು ದಿನ

ಬಿಲ್ ಎಲ್ಲಾ ಅದ ವಾರ ಕೂಡ್ಸಿ, ಕೇಟರಿಂಗ್‌ನೋರ ಬಿಲ್ ಕಾಲೇಜಿನ ಹೆಸರಿಗೆ ಐತೇನು, ರೈಲು ಟಿಕೆಟ್ ಕಾಪಿ ಸ್ಪೀಕರ್‌ಗಳು ಬಿಟ್ಟು ಹೋಗ್ಯಾರೇನು ನೋಡ್ರಿ, ಅವರು ಊರು ಮುಟ್ಟಿದ ಮ್ಯಾಲೆ ಕೇಳಿದ್ರ ತಿಂಗಳು ಹೋಗ್ತೈತಿ. ಕೇಂದ್ರ ಸರ್ಕಾರದ ಅನುದಾನ ಇದ್ರ ಯುಟಿಲೈಸೇಶನ್ ಸರ್ಟಿಫಿಕೇಟ್ (ರೊಕ್ಕ ಹೆಂಗ ಖರ್ಚಾತು ಅನ್ನೋ ಪ್ರಮಾಣಪತ್ರ) ಜಿಎಫ್‌ಆರ್ 12-ಎ ನಮೂನಿಯೊಳಗ ಕೇಳ್ತಾರ, ಕಾಲೇಜಿನ ಅಕೌಂಟ್ಸ್ ವಿಭಾಗಕ್ಕ ಮೊದ್ಲ ತಿಳಿಸಿಡ್ರಿ. ಇದನ್ನ ತಡ ಮಾಡಿದ್ರ ಮುಂದಿನ ಪ್ರಪೋಸಲ್ ಎಷ್ಟ ಚಲೋ ಇದ್ರೂ ಹಳೇ ಲೆಕ್ಕ ಮುಗಿಸ್ರಿ ಅಂತ ಅಲ್ಲೇ ನಿಲ್ತೈತಿ.

ರಿಪೋರ್ಟಿಗೆ ಗ್ರೂಪ್ ಫೋಟೋ ಒಂದ ಸಾಕು, ಹುಡುಗ್ರು ಮಾಡಿದ ಪ್ಲಾಟ್ ಹತ್ತರ ಹಾಕ್ರಿ, ಕೆಟ್ಟವೂ ಇರ್ಲಿ, ಎಲ್ಲಿ ತಪ್ಪಿದ್ರು ಅಂತ ಎರಡು ಸಾಲು ಬರೀರಿ. ಮತ್ತ ಪ್ರಾಜೆಕ್ಟ್ ಮಾಡ್ತೀವಿ ಅಂದಿದ್ದ ಆ ಮೂರ್ನಾಲ್ಕು ಹುಡುಗ್ರ ಮೊದಲ ಮೀಟಿಂಗ್ ವರ್ಕ್‌ಶಾಪ್ ಮುಗಿದ ಎರಡನೇ ಶನಿವಾರದ ಒಳಗ ಇಡ್ರಿ, ಗಾಯಾ ಫೈಲ್ ಇನ್ನ ಅವರ ಪೆನ್‌ಡ್ರೈವಿನಾಗ ಇರ್ತೈತಿ, ರೋಹಿಣಿ ದಿಕ್ಕಿನ ಹಯಾಡಿಸ್ ಗುಚ್ಛದ ಡೇಟಾ ಇಳಿಸೋದನ್ನ ಈ ಸಲ ಅವರಿಗೇನ ಹಚ್ಚಿ ಕೊಡ್ರಿ.